ನಿದ್ದೆಗೆಂದು ಹಚ್ಚಿಟ್ಟ ಭಜನೆ

ಯಾವಗಲ್ ಊರಿನ ಶಿವನಪ್ಪನಿಗೆ ನಿದ್ದೆ ಬರುತ್ತಿಲ್ಲ ಎಂಬ ಸುದ್ದಿ ಕೇಳಿ ಊರಿನ ಜನ ಮೊದಲು ನಕ್ಕುಬಿಟ್ಟರು. ನಗದೆ ಏನು ಮಾಡುತ್ತಾರೆ? ಈ ಮನುಷ್ಯ ರೋಣದ ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಹೊಡೆದು, ತನ್ನ ಊರು ದಾಟಿದ್ದೂ ತಿಳಿಯದೆ ಮುಂದಿನ ಊರಿನಲ್ಲಿ ಇಳಿದು, ಹೊಲದ ಹಾದಿ ಹಿಡಿದು ನಡೆದು ಬಂದವನು. ಒಮ್ಮೆ ಟ್ರ್ಯಾಕ್ಟರಿನಲ್ಲಿ ಕಡಲೆ ಚೀಲಗಳ ಮೇಲೆ ಅಂಗಾತ ಮಲಗಿದವನು ಮಾರುಕಟ್ಟೆ ಬಂದರೂ ಏಳಲಿಲ್ಲವಂತೆ, ಹಮಾಲರು ಚೀಲದ ಜೊತೆ ಅವನನ್ನೂ ತೂಕಕ್ಕೆ ಹಾಕಲು ಹೋಗಿದ್ದರಂತೆ. ಇದು ಅವನ ಗೆಳೆಯ ಮುತ್ತಣ್ಣ ಹೇಳುವ ಕಥೆ. ಉಪ್ಪು ಖಾರ ಹಚ್ಚಿ ಹೇಳುವುದು ಮುತ್ತಣ್ಣನ ಚಾಳಿ, ಆದರೆ ಮಾತು ಪೂರ್ತಿ ಸುಳ್ಳಲ್ಲ.

ಶಿವನಪ್ಪ ಹೀಗೆ ಕಂಡಕಂಡಲ್ಲಿ ನಿದ್ದೆ ಮಾಡುವುದಕ್ಕೆ ಕಾರಣವಿತ್ತು. ಹಗಲು ಅವನು ಎಲ್ಲರಂತೆ ಜೋಳ, ಕಡಲೆ ಬೆಳೆಯುವ ರೈತ. ಊರಿನಲ್ಲಿ ಯಾರಾದರೂ ಸತ್ತರೆ ಮಾತ್ರ ಆ ರಾತ್ರಿ ಅವನು ಭಜನಾ ಮೇಳದ ಮುಂದಾಳು. ಅವರ ಜನರಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೂವು ಹಾಕಿ, ಮಣ್ಣಿಗೆ ಒಯ್ಯುವತನಕ ಎದುರಿಗೆ ಕೂತು ಭಜನೆ ಮಾಡುತ್ತಾರೆ. ಹೆಣವನ್ನು ಒಂಟಿ ಬಿಡಬಾರದು, ಕೂತವರು ತೂಕಡಿಸಬಾರದು. ಜನರನ್ನು ಎಚ್ಚರ ಇಡುವುದೇ ಅಲ್ಲಿ ಹಾಡಿನ ಕೆಲಸ. ಶಿವನಪ್ಪ ಒಂದು ಕೈಯಲ್ಲಿ ಹಾರ್ಮೋನಿಯಂ ಪೇಟಿಗೆ ಗಾಳಿ ಹಾಕುತ್ತ, ಇನ್ನೊಂದು ಕೈಯ ಬೆರಳು ಆಡಿಸುತ್ತ, ಕಣ್ಣನ್ನು ಮಾತ್ರ ಜನರ ಮೇಲೆ ಇಟ್ಟಿರುತ್ತಿದ್ದ. ಯಾರದಾದರೂ ತಲೆ ವಾಲಿತೋ, ಪದವನ್ನು ಅಲ್ಲಿಯೇ ಮೇಲಿನ ಸುರಕ್ಕೆ ಏರಿಸುತ್ತಿದ್ದ. ವಾಲಿದ ತಲೆ ತಟ್ಟನೆ ನೆಟ್ಟಗಾಗುತ್ತಿತ್ತು. ಊರಿನ ಅರ್ಧ ಜನರ ನಿದ್ದೆ ಕೆಡಿಸಿದ ಪುಣ್ಯಾತ್ಮ ಇವನು.

ಮೇಳಕ್ಕೆ ಅವನು ಹಾಕಿದ ಕಟ್ಟುಪಾಡುಗಳು ಎರಡೇ. ಒಂದು ಪದ ಮುಗಿಯುತ್ತಲೇ ಇನ್ನೊಂದು ಏಳಬೇಕು, ನಡುವೆ ಖಾಲಿ ಬೀಳಬಾರದು. ಖಾಲಿ ಬಿದ್ದರೆ ಹೆಂಗಸರ ಅಳು ಏರುತ್ತದೆ, ಗಂಡಸರ ಕಣ್ಣು ಮುಚ್ಚುತ್ತವೆ. ಇನ್ನೊಂದು, ಸತ್ತ ಮನೆಯಲ್ಲಿ ಬಾಯಿಬಿಟ್ಟು ಚಹಾ ಕೇಳಬಾರದು. ಆ ಮನೆಯ ಒಲೆ ಹಚ್ಚುವುದಿಲ್ಲ. ಚಹಾ ನೆರೆಮನೆಯಿಂದ ಕಿಟ್ಲಿಯಲ್ಲಿ ಬರುತ್ತದೆ, ಬಂದಾಗ ಕುಡಿಯಬೇಕು. ಮೇಳಕ್ಕೆ ಹೊಸದಾಗಿ ಸೇರಿದ್ದ ಬಸ್ಯಾ ಒಮ್ಮೆ ಇದನ್ನು ಮರೆತು ಒಳಮನೆಯ ಕಡೆ ತಿರುಗಿ ಚಹಾ ಎಂದಿದ್ದಕ್ಕೆ, ಶಿವನಪ್ಪ ಅವನನ್ನು ಎಬ್ಬಿಸಿ ಮನೆಗೆ ಕಳಿಸಿದ್ದ.

ಅಮಾವಾಸ್ಯೆಗೊಮ್ಮೆ ಶಿವನಪ್ಪನ ಮನೆಯ ಪಡಸಾಲೆಯಲ್ಲೇ ನಡೆಯುತ್ತಿದ್ದ ಭಜನೆಯ ರೀತಿ ಬೇರೆ. ಅಲ್ಲಿ ನಾಲ್ಕು ಪದ ಆಗುತ್ತಲೇ ಅವನು ಪೇಟಿಯ ಗಾಳಿ ನಿಲ್ಲಿಸದೆ ಅಡಿಗೆಮನೆಯ ಕಡೆ ಮುಖ ತಿರುಗಿಸಿ, “ಏ ಭೀಮೇಶನ ಅವ್ವಾ, ಚಾ ಇಡು” ಎನ್ನುತ್ತಿದ್ದ. ಹೆಂಡತಿಯ ಹೆಸರು ಸುಶೀಲವ್ವ. ಆ ಹೆಸರು ಹಿಡಿದು ಅವನು ಒಮ್ಮೆಯೂ ಕರೆದವನಲ್ಲ. ಒಳಗಿನಿಂದ ಅವಳು, “ಇಟ್ಟೇನ್ರಿ, ನೀವು ಹಾಡ್ರಿ” ಎನ್ನುತ್ತಿದ್ದಳು. ಒಲೆ ಹಚ್ಚಿರಲಿ ಬಿಡಲಿ, ಉತ್ತರ ಅದೇ. ಎಷ್ಟೋ ಸಲ ಆಗಿನ್ನೂ ಹಾಲಿಗೆ ಮಗ ಭೀಮೇಶನನ್ನು ಅಟ್ಟುತ್ತಿದ್ದಳು ಅಷ್ಟೆ. ಈ ಸವಾಲು ಜವಾಬು ಎಷ್ಟು ವರ್ಷ ನಡೆಯಿತೆಂದರೆ, ಮುತ್ತಣ್ಣ ತಬಲಾದ ಮೇಲೆ ಅದಕ್ಕೊಂದು ತುಣುಕು ಬಾರಿಸಿ ಜನರನ್ನು ನಗಿಸುತ್ತಿದ್ದ.

ಕಳೆದ ಸುಗ್ಗಿಯಲ್ಲಿ, ಕಡಲೆ ಕೀಳುವ ದಿನಗಳಲ್ಲಿ, ಸುಶೀಲವ್ವ ಹೊಲದಿಂದ ಮಧ್ಯಾಹ್ನವೇ ಎದ್ದು ಬಂದು ಎದೆ ಹಿಡಿದಂಗ ಆಗೇತಿ ಎಂದಳು. ರೋಣದ ದವಾಖಾನೆಗೆ ಹೊರಡಿಸಬೇಕೆಂದು ಭೀಮೇಶ ಗಾಡಿ ತರುವಷ್ಟರಲ್ಲಿ ಮುಗಿದುಹೋಗಿತ್ತು. ಸಂಜೆ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಮೇಳದವರು ಬಂದರು. ಪೇಟಿ ಬಾರಿಸುವವನೇ ಸತ್ತವಳ ಗಂಡ ಎಂಬುದು ಎಲ್ಲರಿಗೂ ತೊಡಕಾಗಿ ಕಂಡಿತು.

“ನೀ ಆ ಕಡೆ ಕೂಡು ಶಿವನಪ್ಪಾ. ಇವತ್ತ ಪ್ಯಾಟಿ ಇಲ್ದ ಹಾಡ್ತೀವಿ” ಎಂದ ಮುತ್ತಣ್ಣ.

“ಪ್ಯಾಟಿ ಇಲ್ದ ಹ್ಯಾಂಗ ಹಾಡ್ತೀರಿ?” ಎಂದು ಶಿವನಪ್ಪ ಪೇಟಿಯನ್ನು ತನ್ನ ಕಡೆ ಎಳೆದುಕೊಂಡ. ಬೆಳಕು ಹರಿಯುವತನಕ ಹಾಡಿದ.

ಅವನು ಅಳಲಿಲ್ಲ. ಕೈ ಅಡಿಗೆ ಹಾಕಿ ಮಲಗಿದರೆ ಕೈ ಜೋಮು ಹಿಡಿಯುತ್ತದಲ್ಲ, ಅವನಿಗೆ ಒಳಗೆಲ್ಲ ಹಾಗೆ ಜೋಮು ಹಿಡಿದಿತ್ತು. ಮಣ್ಣು ಹಾಕುವಾಗಲೂ ಅಷ್ಟೇ, ದಿನ ಕಳೆದ ಮೇಲೂ ಅಷ್ಟೇ. ನೆರೆಮನೆಯ ಮುಮತಾಜಬಿ, ಅವತ್ತು ರಾತ್ರಿಯೆಲ್ಲ ಚಹಾ ಕಾಸಿ ಕಳಿಸಿದವಳು, ಕಟ್ಟೆಯ ಮೇಲೆ ಸಿಕ್ಕಾಗ, “ಒಮ್ಮೆ ಅತ್ತಬಿಡು ತಮ್ಮಾ, ಹಗರ ಆಗ್ತೈತಿ” ಎಂದಳು. ಅವನು ಹೂಂ ಎಂದ. ಅಳುವುದು ಹೇಗೆ ಎಂಬುದೇ ಮರೆತವನಂತೆ ಎಮ್ಮೆಗೆ ನೀರು ಕುಡಿಸಲು ಹೋದ.

ಊರಿನವರು ಅವನನ್ನು ಹೊಗಳಿದರು. ಹೆಂಡತಿ ಎದುರಿಗೆ ಹೆಣವಾಗಿ ಕೂತಿದ್ದರೂ ರಾತ್ರಿಯಿಡೀ ಒಂದು ತಾಳ ತಪ್ಪಲಿಲ್ಲ, ಗಟ್ಟಿ ಮನುಷ್ಯ ಎಂದರು. ಹೊಗಳಿಕೆಯೇ ಅವನಿಗೆ ಮುಳುವಾಯಿತು. ಹಾಸಿಗೆಗೆ ಬೆನ್ನು ಹಚ್ಚಿದರೆ ಸಾಕು, ಆ ಮಾತು ಬಂದು ಎದುರಿಗೆ ಕೂಡುತ್ತಿತ್ತು. ಇಷ್ಟು ವರ್ಷ ಬಾಳಿದವಳು ಸತ್ತ ರಾತ್ರಿ ಒಂದು ತಾಳವೂ ತಪ್ಪದವನು ಎಂಥ ಮನುಷ್ಯ? ಅವಳು ಹೋದದ್ದು ತನಗೆ ತಟ್ಟಲೇ ಇಲ್ಲವೇನು? ಇದನ್ನು ಯಾರಿಗೆ ಕೇಳುವುದು? ಕೇಳಬೇಕಾದವಳೇ ಇರಲಿಲ್ಲ. ಅವನು ಸೂರು ನೋಡುತ್ತ ಮಲಗಿರುತ್ತಿದ್ದ, ಕೋಳಿ ಕೂಗಿದ ಮೇಲೆ ಏಳುತ್ತಿದ್ದ.

ಆ ರಾತ್ರಿಯದು ಒಂದೇ ಒಂದು ಸಂಗತಿ ಅವನಿಗೆ ಚೆನ್ನಾಗಿ ನೆನಪಿತ್ತು. ಅದೂ ಸಿಟ್ಟಿನದು. ರಾತ್ರಿ ಯಾವುದೋ ಹೊತ್ತಿನಲ್ಲಿ ಮುತ್ತಣ್ಣ ಇವನ ಸನ್ನೆಗೆ ಕಾಯದೆ, ಪೇಟಿಯ ಸುರ ಬಿಟ್ಟು, ಬೇರೆಯದೇ ಸುರದಲ್ಲಿ ಪದ ಎತ್ತಿಬಿಟ್ಟಿದ್ದ. ಮೂವತ್ತು ವರ್ಷದಲ್ಲಿ ಹಾಗೆ ಆದದ್ದಿಲ್ಲ. ಸತ್ತದ್ದು ತನ್ನ ಹೆಂಡತಿ, ಕೆಟ್ಟದ್ದು ಅವಳ ಭಜನೆ. ದಿನ ಕಳೆದಂತೆ ಬೇರೆಲ್ಲ ಜೋಮಾಗಿ ಈ ಸಿಟ್ಟೊಂದೇ ಚುರುಕಾಗಿ ಉಳಿಯಿತು. ಯುಗಾದಿಯ ಹೊತ್ತಿಗೆ ಕೇಳಿಯೇಬಿಟ್ಟ.

“ಅವತ್ತ ಯಾಕ ಹಂಗ ನಡುವ ಬಾಯಿ ಹಾಕಿದಿ?”

ಮುತ್ತಣ್ಣ ಅವನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಒಂದಕ್ಕೆ ಹತ್ತು ಮಾತು ಕಟ್ಟುವ ಮನುಷ್ಯ, “ತಪ್ಪಾತು ಬಿಡಪಾ” ಎಂದಷ್ಟೇ ಅಂದು ಎದ್ದುಹೋದ. ಅಂದಿನಿಂದ ಶಿವನಪ್ಪ ಪೇಟಿಯ ಮೇಲೆ ಬಟ್ಟೆ ಹೊದಿಸಿ ಮೂಲೆಗಿಟ್ಟ. ಮೇಳಕ್ಕೂ ಹೋಗಲಿಲ್ಲ.

ಮಳೆಗಾಲ ಬರುವಷ್ಟರಲ್ಲಿ ಅವನ ಕಣ್ಣು ಗುಳಿ ಬಿದ್ದಿದ್ದವು. ಹೆಸರು ಬಿತ್ತುವಾಗ ಬೀಜದ ಬುಟ್ಟಿ ಬದುವಿನ ಮೇಲೆಯೇ ಬಿಟ್ಟು, ಬರಿಗೈಯಲ್ಲಿ ಹೊಲದ ನಡುವೆ ನಿಂತಿದ್ದ. ಭೀಮೇಶ ಹೆದರಿ ಅವನನ್ನು ರೋಣಕ್ಕೆ ಕರೆದುಕೊಂಡು ಹೋದ. ಅಲ್ಲಿ ಅನಘಾ ಎಂಬ ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರು ಎದೆ ನೋಡಿದರು, ಬಿ.ಪಿ. ನೋಡಿದರು, ಸಂಜೆ ಮೇಲೆ ಚಹಾ ಕುಡಿಯಬೇಡಿ ಎಂದರು.

“ಗುಳಿಗಿ ಕೊಡಾಕ ಬರ್ತೈತ್ರಿ ಕಾಕಾ, ಆದ್ರ ಅದರ ರೂಢಿ ಬ್ಯಾಡ. ಮಲಗೂ ಹೊತ್ತಿಗೆ ಸಣ್ಣಗ ಏನರ ಸಂಗೀತ ಹಚ್ಕೊಂಡು ಕೇಳ್ರಿ. ಮೆಲ್ಲಕ ನಿದ್ದಿ ಹತ್ತತೈತಿ.”

ಶಿವನಪ್ಪ ಅವರನ್ನು ದಿಟ್ಟಿಸಿ ನೋಡಿದ. “ಹಾಡು ಕೇಳಿದ್ರ ನಿದ್ದಿ ಬರ್ತೈತೇನ್ರಿ?”

“ಭಾಳ ಮಂದಿಗೆ ಬರ್ತೈತ್ರಿ.”

ನಿದ್ದೆ ಓಡಿಸಲೆಂದು ಜೀವನವೆಲ್ಲ ಹಾಡಿದವನಿಗೆ ಈ ಮಾತು ಎತ್ತು ಹಾಲು ಕೊಡುತ್ತದೆ ಎಂದಂತೆ ಕೇಳಿಸಿತು.

ಮನೆಯಲ್ಲಿ ಸೊಸೆ ಭಾಗ್ಯಾ ಡಾಕ್ಟರ ಮಾತನ್ನು ಗಟ್ಟಿಯಾಗಿ ಹಿಡಿದಳು. ಹೊಲಿಗೆ ಮಷೀನಿನ ಮುಂದೆ ಕೂತು ದಿನವೆಲ್ಲ ಫೋನಿನಲ್ಲಿ ಹಾಡು ಕೇಳುವವಳಿಗೆ ಇದೇನು ದೊಡ್ಡ ಕೆಲಸ? ಊಟವಾದ ಮೇಲೆ ಮಾವನ ಮಂಚದ ಬದಿಗೆ ತನ್ನ ಫೋನು ಇಟ್ಟು ಕೊಳಲು ಹಚ್ಚಿದಳು. ಕೊಳಲು ಚೆನ್ನಾಗಿತ್ತು. ಶಿವನಪ್ಪನ ರೆಪ್ಪೆ ಇನ್ನೇನು ಭಾರವಾಗಬೇಕು ಎನ್ನುವಷ್ಟರಲ್ಲಿ ಒಬ್ಬ ಹೆಣ್ಣುಮಗಳು ನಡುವೆ ನುಗ್ಗಿ, ಮೊಣಕಾಲು ನೋವಿಗೆ ಯಾವುದೋ ಎಣ್ಣೆ ಹಚ್ಚಿ ಎಂದು ಕಿರುಚಿದಳು. ಮರುದಿನ ಸಿತಾರು. ಬಾರಿಸುವವನು ತಾಳಕ್ಕೆ ಬರಲೊಲ್ಲ. ಈಗ ಬರುತ್ತಾನೆ, ಈಗ ಬರುತ್ತಾನೆ ಎಂದು ಶಿವನಪ್ಪ ಕಾದ. ತಬಲಾ ಸೇರಿದಾಗ ಇವನ ಬೆರಳು ಕೌದಿಯ ಮೇಲೆ ಪೇಟಿ ಬಾರಿಸುತ್ತಿದ್ದವು. ಮಳೆ ಸುರಿಯುವ ಸಪ್ಪಳವನ್ನೂ ಹಚ್ಚಿಕೊಟ್ಟಳು. ಅದನ್ನು ಕೇಳಿ ಅವನು ಎದ್ದುಹೋಗಿ ಅಂಗಳದಲ್ಲಿದ್ದ ಹೊಟ್ಟಿನ ಚೀಲ ಒಳಗೆ ಎಳೆದು ತಂದ.

ಅವನಿಗೆ ಹಾಡು ಯಾವುದಾದರೂ ಒಂದೇ. ರಾತ್ರಿ ಹೊತ್ತು ಸುರ ಕಿವಿಗೆ ಬಿದ್ದರೆ ಕಣ್ಣು ತಾವಾಗಿಯೇ ಅಗಲವಾಗುತ್ತಿದ್ದವು. ಯಾರು ತೂಕಡಿಸುತ್ತಿದ್ದಾರೆ ಎಂದು ಕತ್ತಲೆಯಲ್ಲಿ ಹುಡುಕುತ್ತಿದ್ದವು.

“ಮಾವಾರ, ನಿಮಗ ಈ ಮಂದೀದು ಸೇರಂಗಿಲ್ಲ. ನಿಮ್ಮ ಮೇಳದ ಪದಾನ ಹಚ್ಚಿಕೊಡ್ತೀನಿ” ಎಂದಳು ಭಾಗ್ಯಾ ಒಂದು ಸಂಜೆ.

“ನಮ್ಮ ಮೇಳದ್ದು ನಿನ್ನ ಫೋನಿನಾಗ ಎಲ್ಲಿಂದ ಬಂತು?”

“ಅತ್ತಿಯವರು ಹೋದಾಗ ಗಜೇಂದ್ರಗಡದ ಸಣ್ಣತ್ತಿ ಬಂದಿದ್ದಿಲ್ಲಲ್ರಿ, ಅವರ ಸಲುವಾಗಿ ತುಂಬಿಟ್ಟಿದ್ದೆ. ಎಲ್ಲಾರೂ ಅಂತಾರಲ್ರಿ, ಅವತ್ತ ನೀವು ಭಾಳ ಚಲೋ ಹಾಡಿದ್ರಿ ಅಂತ.”

ಗಜೇಂದ್ರಗಡದಲ್ಲಿರುವ ಸಕ್ರವ್ವ ಸುಶೀಲವ್ವನ ತಂಗಿ, ಮಗ್ಗದ ಮನೆಯವಳು. ಅಕ್ಕ ಸತ್ತಾಗ ಕಾಲು ಮುರಿದುಕೊಂಡು ಹಾಸಿಗೆಯಲ್ಲಿದ್ದಳು. ಅಕ್ಕನ ಭಜನೆಯನ್ನಾದರೂ ಕೇಳಲಿ ಎಂದು ಭಾಗ್ಯಾ ಆ ರಾತ್ರಿ ರೆಕಾರ್ಡಿಗೆ ಹಚ್ಚಿದ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಬಂದ ಹೆಂಗಸರನ್ನು ನೋಡಿಕೊಳ್ಳಲು ಹಿತ್ತಲಿಗೆ ಹೋಗಿದ್ದಳು. ತುಂಬಿದ್ದನ್ನು ಸಕ್ರವ್ವನಿಗೆ ಕಳಿಸಿದ್ದಳೇ ಹೊರತು ತಾನು ಕೇಳಿರಲಿಲ್ಲ. ಹೆಣದ ಮುಂದಿನ ಭಜನೆಯನ್ನು ನಿದ್ದೆಗೆಂದು ಹಚ್ಚುವುದು ಸರಿಯೇ ತಪ್ಪೇ ಎಂದು ಅವಳಿಗೆ ಹೊಳೆಯಲಿಲ್ಲ. ದೇವರ ಪದ ಎಲ್ಲಿ ಹಾಡಿದರೂ ದೇವರ ಪದವೇ ಅಲ್ಲವೇ?

ಶಿವನಪ್ಪ ಬೇಡ ಎನ್ನಲಿಲ್ಲ. ಬೇಡ ಎನ್ನಲಿಕ್ಕೂ ಒಂದಿಷ್ಟು ಜೀವ ಬೇಕು. ಅದೇ ಪಡಸಾಲೆ, ಅದೇ ಗೋಡೆ. ಸುಶೀಲವ್ವನನ್ನು ಆನಿಸಿ ಕೂರಿಸಿದ್ದ ಜಾಗದಲ್ಲಿ ಈಗ ಅವನ ಮಂಚದ ತಲೆಭಾಗ ಇತ್ತು. ಭಾಗ್ಯಾ ಫೋನು ಇಟ್ಟು, ದೀಪ ಆರಿಸಿ ಒಳಗೆ ಹೋದಳು.

ಮೊದಲು ಕೆಮ್ಮು ಕೇಳಿತು, ಯಾವುದೋ ಕೂಸಿನ ಅಳು, ಕಿಟ್ಲಿಯ ಸಪ್ಪಳ, “ಚಾ ತಗೊಳ್ರಿ, ಆರ್ತಾವು” ಎನ್ನುವ ಮುಮತಾಜಬಿಯ ದನಿ. ಆಮೇಲೆ ಪೇಟಿ, ಅದರ ಬೆನ್ನಿಗೆ ಅವನದೇ ದನಿ. ಸುರ ಸರಿಯಾಗಿತ್ತು, ತಾಳ ಸರಿಯಾಗಿತ್ತು. ಶಿವನಪ್ಪ ಬೇರೆ ಯಾರದೋ ಹಾಡು ಕೇಳಿದಂತೆ ಕೇಳಿದ. ಒಂದು ಪದ ಮುಗಿಯುವ ಮೊದಲೇ ಇನ್ನೊಂದು ಏಳುತ್ತಿತ್ತು. ಎಲ್ಲಿಯೂ ಖಾಲಿ ಇಲ್ಲ. ಕಲ್ಲು ಹಾಡಿದರೆ ಹೀಗೇ ಹಾಡೀತು ಎನಿಸಿ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು. ಫೋನು ಬಂದ್ ಮಾಡಬೇಕೆಂದುಕೊಂಡ. ಎಲ್ಲಿ ಒತ್ತಬೇಕೋ ಗೊತ್ತಾಗದೆ ಹಾಗೇ ಬಿಟ್ಟ.

ನಾಲ್ಕನೆಯ ಪದ ಮುಗಿಯಿತು. ಪೇಟಿಯ ಒಂದು ಸುರ ಮಾತ್ರ ನಡೆದೇ ಇತ್ತು. ಆಗ ಅವನದೇ ದನಿ, ಹಾಡುವ ದನಿಯಲ್ಲ, ದಿನಾ ಮಾತಾಡುವ ದನಿ, ಹೇಳಿತು: “ಏ ಭೀಮೇಶನ ಅವ್ವಾ, ಚಾ ಇಡು.”

ಪಡಸಾಲೆಯ ಕೆಮ್ಮೆಲ್ಲ ನಿಂತುಹೋಯಿತು. ಕೂಸು ಕೂಡ ಸುಮ್ಮನಾದಂತಿತ್ತು. ಪೇಟಿಯ ಆ ಒಂದು ಸುರ ಕಾಯುತ್ತ ನಿಂತಿತ್ತು, ಪ್ರತಿ ಅಮಾವಾಸ್ಯೆಯೂ ಕಾಯುತ್ತಿದ್ದ ಹಾಗೆಯೇ. ಒಳಗಿನಿಂದ ಉತ್ತರ ಬರಲಿಲ್ಲ. ಗಾಳಿ ಕಡಿಮೆಯಾಗಿ ಸುರ ಸಣ್ಣಗಾಗುತ್ತ ಬಂತು. ಇನ್ನೇನು ಅದು ನಿಲ್ಲಬೇಕು, ಅಷ್ಟರಲ್ಲಿ ಮುತ್ತಣ್ಣನ ಗಂಟಲು ಒಮ್ಮೆಲೇ ಒಡೆದು, ಪೇಟಿಯ ಸುರ ಬಿಟ್ಟು, ಸಿಕ್ಕ ಸುರದಲ್ಲಿ ಪದ ಎತ್ತಿತು. ಮೇಳವೆಲ್ಲ ಗಡಬಡಿಸಿ ಅದರ ಹಿಂದೆ ಬಿತ್ತು. ಪೇಟಿ ಬಹಳ ಹೊತ್ತಿನ ಮೇಲೆ ಬಂದು ಸೇರಿತು.

ಶಿವನಪ್ಪ ಅಲುಗದೆ ಮಲಗಿದ್ದ. ತಾನು ಹೀಗೆ ಕರೆದದ್ದು ಅವನಿಗೆ ನೆನಪೇ ಇರಲಿಲ್ಲ. ಈಗಲೂ ನೆನಪಾಗಲಿಲ್ಲ. ಒಲೆ ಹಚ್ಚದ ಮನೆಯಲ್ಲಿ, ಬಸ್ಯಾನನ್ನು ಎಬ್ಬಿಸಿ ಕಳಿಸಿದ ಮುಂದಾಳು, ಎದುರಿಗೇ ಹೂವು ಹಾಕಿಸಿಕೊಂಡು ಕೂತವಳನ್ನು ಬಿಟ್ಟು, ಅಡಿಗೆಮನೆಯಲ್ಲಿದ್ದವಳಿಗೆ ಚಹಾ ಕೇಳಿದ್ದ. ಆ ಖಾಲಿಯನ್ನು ಮುಚ್ಚಲು ಮುತ್ತಣ್ಣ ಸುರಗೆಟ್ಟು ಹಾಡಿದ್ದ, ಆಮೇಲೆ ತಪ್ಪಾತು ಎಂದು ತನ್ನ ಮೇಲೆ ಹಾಕಿಕೊಂಡಿದ್ದ. ಒಂದು ತಾಳ ತಪ್ಪಲಿಲ್ಲ ಎಂದು ಹೊಗಳಿದವರೆಲ್ಲ ಇದೇ ಪಡಸಾಲೆಯಲ್ಲಿ ಕೂತಿದ್ದವರು. ಎಲ್ಲರೂ ಕೇಳಿಸಿಕೊಂಡಿದ್ದರು. ಊರಿಗೆ ಊರೇ ಕೂಡಿ ಅವನಿಗೊಂದು ಸುಳ್ಳು ಹೇಳಿತ್ತು.

ತಾನು ಕಲ್ಲಾಗಿರಲಿಲ್ಲ. ಅವಳು ಹೋದದ್ದು ಆ ರಾತ್ರಿ ತನಗೆ ತಿಳಿದೇ ಇರಲಿಲ್ಲ, ಅಷ್ಟೇ.

ಫೋನು ತನ್ನ ಪಾಡಿಗೆ ಹಾಡುತ್ತಿತ್ತು. ಅವನ ಬೆರಳು ಕೌದಿಯ ಮೇಲೆ ಅಲುಗಲಿಲ್ಲ, ಕಣ್ಣು ಯಾರನ್ನೂ ಹುಡುಕಲಿಲ್ಲ. ಮೇಳವನ್ನು ಮುತ್ತಣ್ಣ ನೋಡಿಕೊಳ್ಳುತ್ತಾನೆ. ತಾನು ಚಹಾ ಕೇಳಿಯಾಗಿದೆ. ಇಟ್ಟೇನ್ರಿ ಎನ್ನುತ್ತಾಳೆ, ತಡ ಮಾಡುತ್ತಾಳೆ, ಹಾಲಿಗೆ ಯಾರನ್ನೋ ಅಟ್ಟಿರುತ್ತಾಳೆ. ಅವನು ಅಡಿಗೆಮನೆಯ ಕಡೆ ಮಗ್ಗುಲಾದ.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಗೂಡಿನತನಕ ಏರಿತ್ತು. ಭೀಮೇಶ ಹೊಲಕ್ಕೆ ಹೋಗಿಯಾಗಿತ್ತು. ಮಂಚದ ಬದಿಯಲ್ಲಿ ಭಾಗ್ಯಾ ಚಹಾದ ಕಪ್ಪು ಬಸಿ ಹಿಡಿದು ನಿಂತಿದ್ದಳು. ಎಬ್ಬಿಸಲೋ ಬೇಡವೋ ಎಂದು ಎರಡು ಸಲ ಬಂದು ಹೋಗಿದ್ದಳಂತೆ. ಅವಳ ಮುಖದ ತುಂಬ ಖುಷಿ.

“ನಿದ್ದಿ ಬಂತಲ್ರಿ ಮಾವಾರ! ನಾ ಹೇಳಿದ್ದಿಲ್ಲ? ಯಾವ ಪದಕ್ಕ ಹತ್ತಿತ್ರಿ?”

“ಪದಕ್ಕಲ್ಲವಾ” ಎಂದು ಅವನು ಎದ್ದು ಕೂತ. “ಚಾದ ಹಾದಿ ನೋಡಕೋತ ಹತ್ತಿಬಿಟ್ಟೈತಿ.”

ಬೆಳಗಿನ ಚಹಾದ ಮಾತು ಎಂದೇ ತಿಳಿದ ಭಾಗ್ಯಾ, “ಇಟ್ಟು ಭಾಳ ಹೊತ್ತಾತ್ರಿ, ತಗೊಳ್ರಿ” ಎಂದು ಕಪ್ಪು ಮುಂದೆ ಹಿಡಿದಳು.

ಶಿವನಪ್ಪ ಎರಡೂ ಕೈಯಿಂದ ಅದನ್ನು ಇಸಿದುಕೊಂಡ. ಅಡಿಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಕಪ್ಪಿನ ಮೇಲೆ ಮುಖ ಬಾಗಿಸಿ, ಸೊಸೆಯ ಎದುರಿಗೆ, ಗಟ್ಟಿಯಾಗಿ ಅಳತೊಡಗಿದ.